ಗಾಳಿ ಬಿಡಿಸುವ ಬಾಯಾರು

ಬಾಯಾರ ಬೀಳ್ಕೊಡುಗೆ ಸಮಾರಂಭದಲ್ಲಿ ನಮ್ಮ ಡೀನ್ ಸಾಹೇಬರು ಅವರನ್ನು "ಮೃದುಭಾಷಿ, ಮಿತಭಾಷಿ, ಎಲ್ಲರೊಂದಿಗೆ ಹೊಂದಿಕೊಂಡು ಹೋಗುವವರು" ಎಂದು ಹೊಗಳಿದಾಗ, ಹಿಂದಿನ ಸಾಲಿನಲ್ಲಿ ಕುಳಿತ ನಮಗೆಲ್ಲ ಇವತ್ತು ಬೇರೆ ಯಾರೋ ನಿವೃತ್ತರಾಗುತ್ತಿದ್ದಾರೇನೋ ಎಂಬ ಅನುಮಾನ ಬಂತು. ವೇದಿಕೆಯ ಮೇಲೆ ಶಾಲು ಹೊದ್ದು ಕುಳಿತಿದ್ದ ಅವರಿಗೂ ಅದೇ ಅನುಮಾನ ಬಂದಿರಬೇಕು. ಎಡಕ್ಕೊಮ್ಮೆ ಬಲಕ್ಕೊಮ್ಮೆ ತಿರುಗಿ ನೋಡಿದರು. ತಮ್ಮ ಸರದಿ ಬಂದಾಗ ಮೈಕಿನ ಮುಂದೆ ನಿಂತು, "ಡೀನ್ ಸಾಹೇಬ್ರು ಎಂಥಾ ಛಲೋ ಹೆಣ್ಮಗಳ ಬಗ್ಗೆ ಮಾತಾಡಿದ್ರು. ಆಕಿ ನನಗ ಎಲ್ಲಿಯೂ ಭೆಟ್ಟಿ ಆಗಲಿಲ್ಲಲ್ಲ ಅಂತ ಕೆಟ್ಟ ಅನಿಸ್ತು," ಎಂದಷ್ಟೇ ಹೇಳಿ ಕುಳಿತುಬಿಟ್ಟರು.

ನಾನು ಆ ಆಸ್ಪತ್ರೆಯ ಸಿ.ಟಿ. ಸ್ಕ್ಯಾನ್ ಕೋಣೆಯ ಟೆಕ್ನೀಷಿಯನ್. ಬಬಲೇಶ್ವರದಿಂದ ಬೆಳಗಿನ ಬಸ್ಸಿಗೆ ವಿಜಯಪುರಕ್ಕೆ ಬಂದು, ಗಾಜಿನ ಆಚೆ ಮಲಗಿದವರಿಗೆ ದಿನವಿಡೀ "ಉಸಿರು ತಗೋರಿ, ಹಿಡೀರಿ" ಎಂದು ಮೈಕಿನಲ್ಲಿ ಹೇಳಿ, ಸಂಜೆಯ ಬಸ್ಸಿಗೆ ತಿರುಗಿ ಹೋಗುವವನು. ಅವರು ನಮ್ಮ ವಿಭಾಗದ ಮುಖ್ಯಸ್ಥೆ. ಕಲಿಯಲು ಬಂದ ಎಳೆಯ ಡಾಕ್ಟರುಗಳು ಮೇಡಂ ಎನ್ನುತ್ತಿದ್ದರು. ರೋಗಿಗಳು ನಮ್ಮ ಕಡೆಯ ರೂಢಿಯಂತೆ ಬಾಯಾರು ಎನ್ನುತ್ತಿದ್ದರು. ಬೆನ್ನ ಹಿಂದೆ ಜನ ಏನೆನ್ನುತ್ತಿದ್ದರು ಎಂಬುದನ್ನು ಇಲ್ಲಿ ಬರೆಯುವಂತಿಲ್ಲ. ನಾನು ಬಾಯಾರು ಎಂದೇ ಕರೆಯುತ್ತೇನೆ.

ಇಳಕಲ್ ಸೀರೆ, ಮೇಲೆ ಗುಂಡಿ ಕಿತ್ತುಹೋದ ಬಿಳಿ ಕೋಟು, ಕೋಟಿನ ಜೇಬಿನ ತುಂಬ ಪುಠಾಣಿ, ಅಂದರೆ ಹುರಿಗಡಲೆ. ಒಂದೊಂದೇ ಬಾಯಿಗೆ ಎಸೆದುಕೊಳ್ಳುತ್ತ ತೆರೆಯ ಮೇಲಿನ ಶ್ವಾಸಕೋಶವನ್ನು ನೋಡುತ್ತ ಕುಳಿತರೆಂದರೆ ಯಾರೂ ಹತ್ತಿರ ಸುಳಿಯುತ್ತಿರಲಿಲ್ಲ. ಅವರಿಗೆ ಮನುಷ್ಯನ ಉಳಿದ ಅಂಗಾಂಗಗಳ ಬಗ್ಗೆ ಒಂದು ಬಗೆಯ ತಾತ್ಸಾರವಿತ್ತು. ಹೃದಯವೆಂದರೆ "ಬಡಕೊಳ್ಳೋದೊಂದ ಗೊತ್ತು ಅದಕ್ಕ". ಮೆದುಳೆಂದರೆ "ಭಾಳ ಮಂದ್ಯಾಗ ಕಾಣಸೂದಿಲ್ಲ". ಒಮ್ಮೆ ನಮ್ಮ ಸಭಾಂಗಣಕ್ಕೆ ಒಬ್ಬ ಮುಖಂಡರು ಬಂದು ಬಹಳ ಹೊತ್ತು ಮಾತಾಡಿದರು. ಭಾಷಣ ಹೇಗಿತ್ತು ಎಂದು ಕೇಳಿದೆ. "ಒಳಗ ಏನೂ ಇರಲಿಲ್ಲ. ಆದ್ರ ಉಸಿರು ಛಲೋ ಐತಿ, ಇನ್ನಾ ಭಾಳ ವರ್ಷ ಮಾತಾಡ್ತಾನ. ಅದs ಚಿಂತಿ," ಎಂದರು.

ಎದೆಯ ಸಿ.ಟಿ. ತೆಗೆಯುವಾಗ ಸಾಮಾನ್ಯವಾಗಿ ರೋಗಿಗೆ ಉಸಿರನ್ನು ತುಂಬ ಎಳೆದು ಹಿಡಿಯಲು ಹೇಳುತ್ತೇವೆ. ಆಗ ಶ್ವಾಸಕೋಶ ಬಿಚ್ಚಿಕೊಳ್ಳುತ್ತದೆ, ಚಿತ್ರ ಸ್ಪಷ್ಟವಾಗಿ ಬರುತ್ತದೆ. ಬಾಯಾರಿಗೆ ಅದು ಸಾಲುತ್ತಿರಲಿಲ್ಲ. ಅನುಮಾನ ಬಂದ ರೋಗಿಗೆ ಉಸಿರನ್ನು ಪೂರ್ತಿ ಹೊರಗೆ ಬಿಟ್ಟ ಮೇಲೂ ಒಂದು ಚಿತ್ರ ತೆಗೆಸುತ್ತಿದ್ದರು, ಅದಕ್ಕೆ ಕಿರಣದ ಪ್ರಮಾಣವನ್ನು ಎಷ್ಟು ಇಳಿಸಬಹುದೋ ಅಷ್ಟು ಇಳಿಸಿ. "ಉಸಿರು ತಗೊಂಡಾಗ ಎಲ್ಲಾರೂ ಶ್ರೀಮಂತ್ರ ಕಾಣ್ತಾರಲೇ ತಮ್ಮಾ. ಬಿಟ್ಟಾಗ ಗೊತ್ತಾಗ್ತೈತಿ ಖರೇ ಬಂಡವಾಳ," ಎನ್ನುತ್ತಿದ್ದರು.

ಆ ಬಂಡವಾಳ ಏನೆಂದರೆ, ಸಿ.ಟಿ. ಚಿತ್ರದಲ್ಲಿ ಗಾಳಿ ಕಪ್ಪಾಗಿ ಕಾಣುತ್ತದೆ. ಉಸಿರು ಬಿಟ್ಟಾಗ ಗಟ್ಟಿಮುಟ್ಟಾದ ಶ್ವಾಸಕೋಶ ಗಾಳಿಯನ್ನು ಹೊರಹಾಕಿ ಬೂದಿ ಬಣ್ಣಕ್ಕೆ ತಿರುಗುತ್ತದೆ. ಸಣ್ಣ ನಾಳಗಳು ಬಾತುಕೊಂಡು ಗಾಳಿ ಸಿಕ್ಕಿಬಿದ್ದ ಕಡೆ ಮಾತ್ರ ಕಪ್ಪು ಕಪ್ಪಾಗಿಯೇ ಉಳಿಯುತ್ತದೆ. ಎರಡು ಚಿತ್ರಗಳನ್ನು ಕಂಪ್ಯೂಟರಿನಲ್ಲಿ ಒಂದರ ಮೇಲೊಂದು ಹೊಂದಿಸಿದರೆ ಚೆನ್ನಾಗಿ ಕೆಲಸ ಮಾಡುವ ಜಾಗಕ್ಕೆ ಹಸಿರು, ಗಾಳಿ ಸಿಕ್ಕಿಕೊಂಡ ಜಾಗಕ್ಕೆ ಹಳದಿ, ಪೂರಾ ಹಾಳಾದ ಜಾಗಕ್ಕೆ ಕೆಂಪು ಬರುತ್ತದೆ. "ಊದೂ ಮಷಿನ್ಯಾಗ ಊದಿದ್ರ ಗೊತ್ತಾಗೂದಿಲ್ಲೇನ್ರಿ?" ಎಂದು ಮೊದಮೊದಲು ನಾನು ಕೇಳಿದ್ದೆ. "ಊದೂ ಮಷಿನ್ನು ಊರಾಗ ಗಟಾರ ತುಂಬೈತಿ ಅಂತ ಹೇಳ್ತೈತಿ. ಇದು ಯಾವ ಓಣ್ಯಾಗ ತುಂಬೈತಿ ಅಂತ ತೋರಸ್ತೈತಿ," ಎಂದರು. ನಮ್ಮ ಊರಿನವರಿಗೆ ಇದಕ್ಕಿಂತ ಬಿಡಿಸಿ ಹೇಳುವುದು ಬೇಕಿಲ್ಲ.

ಪಾಠ ಮಾಡುವುದೂ ಹೀಗೆಯೇ. ಒಮ್ಮೆ ಕಟುಕರ ಅಂಗಡಿಯಿಂದ ಕುರಿಯ ಪುಪ್ಪಸ ತರಿಸಿ, ಸೈಕಲ್ ಪಂಪಿನಿಂದ ಗಾಳಿ ಹೊಡೆದರು. ಅದು ಉಬ್ಬಿ ಮೇಜಿನ ತುಂಬ ಹರಡಿತು. ಒಂದು ನಾಳಕ್ಕೆ ದಾರ ಬಿಗಿದು ಪಂಪು ಕಿತ್ತರು. ಉಳಿದದ್ದೆಲ್ಲ ಇಳಿಯಿತು, ದಾರ ಬಿಗಿದ ಭಾಗ ಮಾತ್ರ ಉಬ್ಬಿಕೊಂಡೇ ನಿಂತಿತು. "ನೋಡ್ರಿ, ಇದು ಸತ್ತ ಕುರಿ, ಇದಕ್ಕೇನೂ ತ್ರಾಸಿಲ್ಲ. ಜೀವಂತ ಇದ್ದವರ ಎದಿಯೊಳಗ ಹಿಂಗಾದ್ರ ಮುಂದಿನ ಉಸಿರಿಗೆ ಜಾಗಾ ಎಲ್ಲೈತಿ ಹೇಳ್ರಿ," ಎಂದು ಕೇಳುವಷ್ಟರಲ್ಲಿ ಶಾಖಾಹಾರಿ ಡಾಕ್ಟರುಗಳೆಲ್ಲ ಬಾಗಿಲಲ್ಲಿದ್ದರು. ಡೀನ್ ಸಾಹೇಬರಿಗೆ ದೂರು ಹೋಯಿತು. ಪ್ರಾಣಿಗಳ ಅವಯವಗಳನ್ನು ತರಗತಿಗೆ ತರಬಾರದು ಎಂಬ ಸೂಚನೆ ಬಂತು. "ಹಂಗಾದ್ರ ನಿಮ್ಮನ್ನೂ ನಾಳಿಂದ ಒಳಗ ಬಿಡೂಹಂಗಿಲ್ಲ," ಎಂದು ವಿದ್ಯಾರ್ಥಿಗಳಿಗೆ ಹೇಳಿ ಬಾಯಾರು ಪುಠಾಣಿ ಬಾಯಿಗೆ ಹಾಕಿಕೊಂಡರು.

ಹೊರಬಿಟ್ಟ ಉಸಿರಿನ ಚಿತ್ರ ತೆಗೆಯುವುದು ಹೇಳಿದಷ್ಟು ಸುಲಭವಲ್ಲ. ಮಮದಾಪುರದ ಒಬ್ಬ ಹಿರಿಯರಿಗೆ ನಾನು ಮೈಕಿನಲ್ಲಿ "ಅಜ್ಜಾರ, ಈಗ ಉಸಿರು ಪೂರ್ತಿ ಬಿಟ್ಟಬಿಡ್ರಿ" ಎಂದೆ. ಅವರು ಮೇಜಿನಿಂದ ಇಳಿದು ಧೋತರ ಸರಿಮಾಡಿಕೊಂಡು ಹೊರಟೇಬಿಟ್ಟರು. "ನಾ ಇಲ್ಲಿ ಬದಕಾಕ ಬಂದೀನೋ ಯಪ್ಪಾ. ಉಸಿರು ಬಿಡೂದಿದ್ರ ಮನ್ಯಾಗs ಬಿಡತಿದ್ನಿ, ಬಸ್ ಹತ್ತಿ ಇಷ್ಟ ದೂರ ಯಾಕ ಬರಬೇಕಿತ್ತು?" ಎಂಬುದು ಅವರ ತಕರಾರು. ಬಾಯಾರು ಓಡಿಬಂದು, "ಬಿಡೂದ ಬ್ಯಾಡ್ರಿ ಯಜ್ಜಾ, ಬಿಸಿ ಚಾ ಆರಸಿಧಂಗ ಊದ್ರಿ ಸಾಕು," ಎಂದು ಕೈಹಿಡಿದು ಮತ್ತೆ ಮಲಗಿಸಿದರು. ಅಂದಿನಿಂದ ನನ್ನ ಮೈಕಿನ ಭಾಷೆ ಬದಲಾಯಿತು. ಗಂಡಸರು ಚಹಾ ಆರಿಸುತ್ತಿದ್ದರು, ಹೆಂಗಸರು ಒಲೆ ಊದುತ್ತಿದ್ದರು.

ಉಸಿರು, ಗಾಳಿ ಎಂದು ಸದಾ ಅದನ್ನೇ ಮಾತಾಡುವುದರಿಂದ ಹಳ್ಳಿಗಳ ಕಡೆ ಅವರಿಗೆ "ಗಾಳಿ ಡಾಕ್ಟರಬಾಯಿ" ಎಂದು ಹೆಸರು ಬಿತ್ತು. ನಮ್ಮ ಕಡೆ ಗಾಳಿ ಎಂದರೆ ಬರೀ ಗಾಳಿಯಲ್ಲ, ದೆವ್ವವೂ ಗಾಳಿಯೇ. ಒಂದು ದಿನ ಸಾರವಾಡದಿಂದ ಒಬ್ಬ ಅತ್ತೆ ತನ್ನ ಸೊಸೆಯನ್ನು ಕರೆದುಕೊಂಡು ಬಂದಳು. ಕೈಯಲ್ಲಿ ನಿಂಬೆಹಣ್ಣು, ತೆಂಗಿನಕಾಯಿ.

"ಬಾಯಾರ, ಗಾಳಿ ಬಿಡಸ್ತೀರಂತಲ್ರಿ. ಈಕೀಗೆ ಬಡದೈತ್ರಿ."

"ಯಾವಾಗಿಂದಬೇ?"

"ತವರಮನಿಗೆ ಹೋಗಿ ಬಂದಾಗೊಮ್ಮೆ ಬಡೀತೈತ್ರಿ. ತಿಕೋಟಾದಾಕಿ ಈಕಿ. ಹಾದ್ಯಾಗ ಹುಣಸೀಗಿಡ ಐತಲ್ರಿ, ಅಲ್ಲಿಂದ ಹತ್ತಿಸ್ಕೊಂಡ ಬರ್ತಾಳ. ಕುಂತ್ರ ತೇಕ್, ನಿಂತ್ರ ತೇಕ್. ಕೆಲಸಾ ಹೇಳಿದ್ರಂತೂ ಭಾಳ ತೇಕ್."

ಪಕ್ಕದಲ್ಲಿದ್ದ ಎಳೆಯ ಡಾಕ್ಟರುಗಳು ನಗು ತಡೆಯಲಾಗದೆ ಗೋಡೆಯ ಕಡೆ ತಿರುಗಿದರು. ಬಾಯಾರು ನಗಲಿಲ್ಲ. ಅತ್ತೆಯನ್ನು ಬೈಯಲೂ ಇಲ್ಲ. ನಿಂಬೆಹಣ್ಣು ತೆಗೆದುಕೊಂಡು ಮೇಜಿನ ಮೇಲಿಟ್ಟು, ಸೊಸೆಯ ಎದುರು ಕುಳಿತರು. ಅವಳ ಹೆಸರು ನೀಲವ್ವ. ತೇಕು ಹತ್ತಿ, ಒಂದೊಂದು ಮಾತಿಗೂ ನಡುವೆ ನಿಂತು ಉಸಿರು ಹುಡುಕಿಕೊಳ್ಳುತ್ತಿದ್ದಳು. ದ್ರಾಕ್ಷಿ ಸುಗ್ಗಿಯಲ್ಲಿ ಪ್ರತಿ ವರ್ಷ ತವರಿಗೆ ಹೋಗಿ ಮಣೂಕದ ಶೆಡ್ಡಿನಲ್ಲಿ ದುಡಿಯುತ್ತಾಳೆಂದು ಹೇಳಿದಳು. ಮಣೂಕವೆಂದರೆ ಒಣದ್ರಾಕ್ಷಿ. ಒಣಗಿದ ಹಣ್ಣಿಗೆ ಹೊಂಬಣ್ಣ ಬರಲೆಂದು ಮುಚ್ಚಿದ ಕೋಣೆಯಲ್ಲಿ ಗಂಧಕ ಸುಟ್ಟು ಹೊಗೆ ಕೊಡುತ್ತಾರೆ. ಬಾಗಿಲು ತೆಗೆದ ಕೂಡಲೇ ಸೆರಗು ಮೂಗಿಗೆ ಹಿಡಿದು ಒಳನುಗ್ಗಿ ತಟ್ಟೆಗಳನ್ನು ಹೊರತರುವುದು ನೀಲವ್ವನಂಥವರ ಕೆಲಸ.

ನೀಲವ್ವ ಮೇಜಿನ ಮೇಲೆ ಮಲಗಿ ಒಲೆ ಊದಿದಳು. ಚಿತ್ರ ಬಂತು. ಬಾಯಾರು ಅತ್ತೆಯನ್ನು ತೆರೆಯ ಮುಂದೆ ಕೂರಿಸಿ, ಕಪ್ಪಾಗಿ ಉಳಿದ ಮಚ್ಚೆಗಳ ಮೇಲೆ ಪೆನ್ನಿನ ತುದಿ ಇಟ್ಟು ತೋರಿಸಿದರು. "ನೀ ಹೇಳಿದ್ದು ಖರೇನ ಐತಬೇ ಯವ್ವಾ. ಗಾಳಿನ ಹೊಕ್ಕೈತಿ. ನೋಡು, ಇಲ್ಲಿ ಕುಂತೈತಿ, ಇಲ್ಲಿ ಕುಂತೈತಿ. ಒಳಗ ಹೋಗೇತಿ, ಹೊರಗ ಬರವಲ್ದು."

ಅತ್ತೆ ಎದ್ದು ನಿಂತು ಕೈ ಮುಗಿದಳು. ಆಕೆಯ ಆಯುಷ್ಯದಲ್ಲಿ ದೆವ್ವದ ಫೋಟೋ ತೆಗೆದವರನ್ನು ನೋಡಿದ್ದು ಅದೇ ಮೊದಲು.

"ಹುಣಸೀಗಿಡದ್ದೇನ್ರಿ?"

"ಅಲ್ಲಬೇ, ಗಂಧಕದ್ದು. ಈ ಔಷಧದ ಪಂಪು ದಿನಾ ಬಾಯಾಗ ಹೊಡಕೋಬೇಕು. ಆ ಕ್ವಾಣಿ ಹತ್ರ ಮತ್ತ ಹೋಗಬಾರದು. ಮತ್ತ ತೇಕು ಬಂದಾಗ ಕೆಲಸಾ ಹೇಳಬ್ಯಾಡ, ಗಾಳಿಗೆ ಸಿಟ್ಟು ಬರ್ತೈತಿ."

ಕೊನೆಯ ಮಾತು ಶಾಸ್ತ್ರದಲ್ಲಿ ಇಲ್ಲದ್ದು. ಆದರೆ ಆ ಅತ್ತೆಗೆ ಔಷಧಕ್ಕಿಂತ ಅದೇ ಚೆನ್ನಾಗಿ ನಾಟಿತು. ನೀಲವ್ವ ಸುಧಾರಿಸಿದಳು. ಊರಲ್ಲಿ ಮಾತ್ರ, ಆಸ್ಪತ್ರೆಗೆ ಹೋಗುವ ಮುಂಚಿನ ದಿನ ಕಟ್ಟಿಸಿದ ತಾಯತ ಕೆಲಸ ಮಾಡಿತೆಂದು ಸುದ್ದಿಯಾಯಿತು.

ಅಲ್ಲಿಂದ ಬಾಯಾರಿಗೆ ತಿಕೋಟಾದ ಹುಚ್ಚು ಹಿಡಿಯಿತು. ರವಿವಾರ ಬಂತೆಂದರೆ ಬಸ್ಸು ಹತ್ತಿ ಹೋಗಿ, ದ್ರಾಕ್ಷಿ ತೋಟಗಳ ನಡುವಿನ ಶೆಡ್ಡುಗಳ ಬಾಗಿಲಲ್ಲಿ ನಿಂತು ಹೆಂಗಸರು ಕೆಮ್ಮುವುದನ್ನು ಕೇಳಿ ಬರುತ್ತಿದ್ದರು. ತೇಕು ಇದ್ದ ಕೆಲವರು ಆಸ್ಪತ್ರೆಗೆ ಬಂದರು. ಅವರ ಚಿತ್ರಗಳಲ್ಲೂ ಅದೇ ಕಥೆ. ಇದನ್ನು ಕ್ರಮವಾಗಿ ಅಧ್ಯಯನ ಮಾಡಬೇಕೆಂದು ಬಾಯಾರು ಡೀನ್ ಸಾಹೇಬರ ಅನುಮತಿ ಕೇಳಿದರು.

ಡೀನ್ ಸಾಹೇಬರು ಕೆಟ್ಟವರಲ್ಲ. ಯಾರಿಗೂ ಬೇಸರವಾಗಬಾರದು ಎಂಬುದೊಂದೇ ಅವರ ವೈದ್ಯಶಾಸ್ತ್ರ. ತಿಕೋಟಾದ ಅತಿ ದೊಡ್ಡ ಶೆಡ್ಡಿನ ಸಾವಕಾರರು ನಮ್ಮ ಆಸ್ಪತ್ರೆಯ ಹಿತೈಷಿಗಳು. ಹೊಸ ಸಭಾಂಗಣದ ಹಣೆಯ ಮೇಲೆ ಅವರ ತಂದೆಯ ಹೆಸರಿತ್ತು. ಅವರಿಗೆ ಬೇಸರವಾಗಬಾರದು. ಬಾಯಾರಿಗೂ ನೇರವಾಗಿ ಬೇಡವೆಂದರೆ ಬೇಸರ. ಹಾಗಾಗಿ ಒಂದು ವಾರ ಯೋಚಿಸಿ ಸಾಹೇಬರು ಒಂದು ಸುತ್ತೋಲೆ ಹೊರಡಿಸಿದರು: ಇನ್ನು ಮುಂದೆ ಉಸಿರು ಬಿಟ್ಟ ಸ್ಥಿತಿಯಲ್ಲಿ ರೋಗಿಗಳ ಚಿತ್ರ ತೆಗೆಯತಕ್ಕದ್ದಲ್ಲ.

ಬಾಯಾರು ಅದನ್ನು ವಿಭಾಗದ ಬಾಗಿಲಿಗೆ ಅಂಟಿಸಿ, ಓದು ಬಾರದವರಿಗೆ ತಾವೇ ನಿಂತು ಅರ್ಥ ಹೇಳಿದರು. "ಇವತ್ತಿಂದ ನಮ್ಮ ದವಾಖಾನ್ಯಾಗ ಉಸಿರು ತಗೋಬಹುದು, ಬಿಡೂಹಂಗಿಲ್ಲ. ಬಿಡೂದಿದ್ರ ಗೇಟಿನ ಹೊರಗ ಹೋಗಿ ಬಿಟ್ಟ ಬರ್ರಿ."

ತಮಾಷೆ ಮಾಡಿದರೇನು, ಕೆಲಸ ನಿಂತಿತು. ಶೆಡ್ಡಿನಿಂದ ಬಂದ ಹೆಂಗಸರಿಗೆ ಒಂದೇ ಚಿತ್ರ ತೆಗೆದು ಕಳಿಸಬೇಕಾಯಿತು. ಎಲ್ಲರೂ ಉಸಿರು ಎಳೆದುಕೊಂಡು ಶ್ರೀಮಂತರ ಹಾಗೆ ಕಾಣುತ್ತಿದ್ದರು. ಬಾಯಾರು ಆ ಚಿತ್ರಗಳನ್ನು ತಿರುತಿರುಗಿ ನೋಡುತ್ತಿದ್ದರು. ಜೇಬಿನ ಪುಠಾಣಿ ಜೇಬಿನಲ್ಲೇ ಉಳಿಯುತ್ತಿತ್ತು.

ಆಗ ಸಾವಕಾರರಿಗೇ ಕೆಮ್ಮು ಬಂತು.

ಅವರು ಬಂದ ದಿನ ಡೀನ್ ಸಾಹೇಬರು ಸ್ವತಃ ಕಾರಿನ ಬಾಗಿಲು ತೆಗೆದು ಕರೆತಂದರು. ಧೋತರ, ರೇಶ್ಮೆ ಅಂಗಿ, ಬೆಟ್ಟದಂಥ ಆಳು. ನಮ್ಮ ಕೋಣೆಯಿಂದ ಕಾರಿಡಾರಿನ ತುದಿಯವರೆಗೂ ಅತ್ತರಿನ ವಾಸನೆ. "ನೋಡ್ರಿ ಬಾಯಾರ, ಇದ್ದಬಿದ್ದ ಎಲ್ಲಾ ಫೋಟೋ ತಗೀರಿ. ಒಂದೂ ಕಮ್ಮಿ ಆಗಬಾರದು," ಎಂದು ಮೇಜಿನ ಮೇಲೆ ಮಲಗಿದರು. ಮೊದಲ ಚಿತ್ರವಾಯಿತು. ಬಾಯಾರು ಮೈಕನ್ನು ನನ್ನ ಕೈಯಿಂದ ತೆಗೆದುಕೊಂಡರು.

"ಮುಗೀತ್ರಿ, ಏಳ್ರಿ."

"ಇಷ್ಟs ಏನ್ರಿ?"

"ಇನ್ನೊಂದ ಐತ್ರಿ, ಉಸಿರು ಬಿಟ್ಟ ತಗಿಯೂದು. ಆದ್ರ ಅದನ್ನ ತಗೀಬಾರದು ಅಂತ ಡೀನ್ ಸಾಹೇಬ್ರ ಆರ್ಡರ್ ಐತಿ. ಬಾಗಲಕ್ಕ ಹಚ್ಚೀವಿ, ನೋಡ್ರಿ."

ಸಾವಕಾರರು ಮೇಜಿನ ಮೇಲೆ ಎದ್ದು ಕುಳಿತರು. ಗಾಜಿನ ಈಚೆ ನಿಂತ ಡೀನ್ ಸಾಹೇಬರ ಕಡೆ ತಿರುಗಿ, "ಏನ್ರಿ ಸಾಹೇಬ್ರ, ನಾ ತಗೊಂಡ ಉಸಿರು ನಾ ಬಿಡಾಕ ನಿಮ್ಮ ಪರವಾನಗಿ ಬೇಕೇನು?" ಎಂದರು. ಡೀನ್ ಸಾಹೇಬರು ಆ ಸುತ್ತೋಲೆ ಬಡವರ ಹಿತಕ್ಕಾಗಿ ಹೊರಡಿಸಿದ್ದೆಂದು ಹೇಳಲು ಬಾಯಿ ತೆರೆದರು. ಬಡವರು ಉಸಿರು ಬಿಡದಿದ್ದರೆ ಏನು ಹಿತ ಎಂಬುದು ಹೊಳೆಯದೆ ಬಾಯಿ ಮುಚ್ಚಿದರು. ಸುತ್ತೋಲೆ ಅಲ್ಲಿಯೇ ರದ್ದಾಯಿತು. ಅದನ್ನು ಬಾಗಿಲಿನಿಂದ ಸಾಹೇಬರೇ ಉಗುರಿನಿಂದ ಕಿತ್ತರು.

ಸಾವಕಾರರು ಚಹಾ ಆರಿಸಿದರು. ಚಿತ್ರ ತೆರೆಯ ಮೇಲೆ ಬಂದಾಗ ಬಾಯಾರು ಸಾವಕಾರರನ್ನೂ ನನ್ನನ್ನೂ ಬಿಟ್ಟು ಉಳಿದವರನ್ನೆಲ್ಲ ಹೊರಗೆ ಕಳಿಸಿದರು, ಡೀನ್ ಸಾಹೇಬರನ್ನೂ. ಬೆಟ್ಟದಂಥ ಆಳಿನ ಎದೆಯಲ್ಲಿ ಹಳದಿ ಚೆಲ್ಲಾಡಿತ್ತು.

"ನಾ ಬೀಡಿ ಸೇದಾಂವ ಅಲ್ರಿ. ತಂಬಾಕ ಸೈತ ಮುಟ್ಟಿಲ್ಲ," ಎಂದರು ಸಾವಕಾರರು. ದನಿ ಇಳಿದಿತ್ತು.

"ಗಂಧಕ ಸುಡೂ ಮುಂದ ಎಲ್ಲಿ ಕುಂಡರ್ತೀರಿ?"

"ಅಲ್ಲೇ ಬಾಗಲ ಹತ್ರ ಕುರ್ಚಿ ಹಾಕ್ಕೊಂಡ ಕುಂಡರ್ತೀನ್ರಿ. ಬಣ್ಣ ಅಂದ್ರ ಮಣೂಕದ ಮಾನ. ಮಂದಿ ಮ್ಯಾಲ ಬಿಟ್ಟ ಹೆಂಗ ಹೋಗೂದು?"

"ಹಣ್ಣಿಗೆ ಹೊಡದ ಹೊಗಿ ನಿಮಗೂ ಹೊಡದೈತಿ. ಬಣ್ಣಾ ಮಾತ್ರ ಒಳಗ ಬಂದೈತಿ. ಆ ಬಾಗಲ ತಗದ ಒಳಗ ಹೋಗೂ ಹೆಣ್ಮಕ್ಕಳದು ಇದಕ್ಕಿಂತ ಹೆಚ್ಚೈತ್ರಿ. ಅವರು ಕುರ್ಚಿ ಹಾಕ್ಕೊಂಡ ಕುಂಡ್ರೂದಿಲ್ಲ, ಒಳಗs ನಿಂದರ್ತಾರ."

ಸಾವಕಾರರು ತೆರೆಯ ಮೇಲಿನ ಹಳದಿಯ ಮೇಲೆ ಬೆರಳಾಡಿಸಿದರು. "ಆತ್ರಿ. ನನ್ನ ಕುರ್ಚಿ ದೂರ ಸರಸ್ತೀನಿ."

"ಕುರ್ಚಿ ಸರಿಸಿದ್ರ ನೀವೊಬ್ರು ಸರದಂಗಾತು. ಕ್ವಾಣಿ ಸರಸ್ರಿ."

ನಾನು ಉಸಿರು ಹಿಡಿದು ನಿಂತಿದ್ದೆ. ತಮ್ಮ ಶೆಡ್ಡಿನ ವಿಷಯದಲ್ಲಿ ಬೇರೆಯವರ ಮಾತು ಕೇಳಿದ ಮನುಷ್ಯ ಅವರಲ್ಲ. ಬಾಯಾರೂ ದನಿ ಏರಿಸಲಿಲ್ಲ. ಔಷಧ ಹೇಗೆ ತೆಗೆದುಕೊಳ್ಳಬೇಕೆಂದು ನೀಲವ್ವನಿಗೆ ಹೇಳಿದಷ್ಟೇ ನಿಧಾನವಾಗಿ ಹೇಳಿಕೊಟ್ಟರು. ಸಾವಕಾರರು ಹೊರಗೆ ಹೋದ ಮೇಲೆ ನನ್ನ ಕಡೆ ತಿರುಗಿ, "ಹೆದರ್ಯಾನ. ಹೆದರಿದ ಶ್ರೀಮಂತ ಸರಕಾರಕ್ಕಿಂತ ಲಗೂನ ಕೆಲಸಾ ಮಾಡ್ತಾನ," ಎಂದರು.

ಹಾಗೆಯೇ ಆಯಿತು. ಮುಂದಿನ ಸುಗ್ಗಿಯ ಹೊತ್ತಿಗೆ ಗಂಧಕದ ಕೋಣೆ ಹೊಲದ ಆಚೆ ತುದಿಗೆ ಹೋಯಿತು. ಅದಕ್ಕೊಂದು ಎತ್ತರದ ಕೊಳವೆ, ಹೊಗೆ ಎಳೆದು ಹಾಕುವ ಫ್ಯಾನು. ಹೊಗೆ ಪೂರ್ತಿ ಹೋಗುವವರೆಗೆ ಯಾರೂ ಒಳಗೆ ಕಾಲಿಡುವಂತಿಲ್ಲ. ಸಾವಕಾರರಿಗೂ ಆರಾಮವಾಯಿತು. ಮತ್ತೆ ತೆಗೆದ ಚಿತ್ರದಲ್ಲಿ ಹಳದಿ ಹೋಗಿ ಬಹುಪಾಲು ಹಸಿರು. ಆ ಚಿತ್ರಕ್ಕೆ ಕಟ್ಟು ಹಾಕಿಸಿ ತಮ್ಮ ಆಫೀಸಿನಲ್ಲಿ ದೇವರ ಪಟಗಳ ಪಕ್ಕ ತೂಗುಹಾಕಿದರು. ಎರಡು ಹಸಿರು ಗೊನೆಗಳು ಇಳಿಬಿದ್ದಂತೆ ಕಾಣುತ್ತಿದ್ದ ಅದನ್ನು ನೋಡಿ ಹೊರಗಿನ ವ್ಯಾಪಾರಿಯೊಬ್ಬ, "ಭಾರಿ ಐತ್ರಿ, ಯಾವ ತಳೀ ದ್ರಾಕ್ಷಿ ಇದು?" ಎಂದು ಕೇಳಿದನಂತೆ.

ಕಾರ್ಮಿಕರ ಆರೋಗ್ಯ ಕಾಪಾಡಿದ್ದಕ್ಕಾಗಿ ಸಾವಕಾರರಿಗೆ ನಮ್ಮ ಸಭಾಂಗಣದಲ್ಲೇ ಸನ್ಮಾನವಾಯಿತು. ಶುದ್ಧ ಗಾಳಿಯ ಕನಸನ್ನು ಮೊದಲು ಕಂಡವರು ತಾವೇ ಎಂದು ಡೀನ್ ಸಾಹೇಬರು ಭಾಷಣದಲ್ಲಿ ಗದ್ಗದಿತರಾದರು. ಬಾಯಾರಿಗೆ ಆಮಂತ್ರಣ ತಲುಪಿರಲಿಲ್ಲ. ಆದರೂ ಬಂದು ಹಿಂದಿನ ಸಾಲಿನಲ್ಲಿ ನನ್ನ ಪಕ್ಕ ಕುಳಿತು, ಹಂಚಿದ ಮಣೂಕ ತಿನ್ನುತ್ತಿದ್ದರು. ನನಗೇ ತಡೆಯಲಾಗಲಿಲ್ಲ. "ನಿಮ್ಮ ಹೆಸರೂ ಹೇಳಲಿಲ್ಲಲ್ರಿ," ಎಂದೆ.

"ಹೊಗಿ ಹೊರಗ ಹೋತಿಲ್ಲೋ? ಹಾರ ಯಾರ ಕೊಳ್ಳಾಗ ಬಿದ್ರ ನಿನಗೇನಲೇ ತಮ್ಮಾ."

ಉಳಿದ ಶೆಡ್ಡುಗಳವರನ್ನು ಒಪ್ಪಿಸುವುದು ಹೇಗೆಂದು ಬಾಯಾರು ತಲೆ ಕೆಡಿಸಿಕೊಂಡಿದ್ದರು. ಅಷ್ಟರಲ್ಲಿ ತಾನಾಗಿಯೇ ಒಂದು ಸುದ್ದಿ ಹಬ್ಬಿತು. ಸಾವಕಾರರ ಮಣೂಕಕ್ಕೆ ಈ ಸಲ ಅಷ್ಟು ಚೆಂದದ ಬಣ್ಣ ಬಂದದ್ದು ಆ ಎತ್ತರದ ಕೊಳವೆಯಿಂದಲೇ ಎಂದು. ನೋಡನೋಡುತ್ತ ತಿಕೋಟಾದ ಸುತ್ತ ಒಂದೊಂದೇ ಕೊಳವೆ ಏಳತೊಡಗಿತು. ಎಲ್ಲ ಶೆಡ್ಡುಗಳಲ್ಲಲ್ಲ, ಆದರೆ ಸಾಕಷ್ಟು ಕಡೆ. "ಇದು ತಪ್ಪು ತಿಳುವಳಿಕಿ ಅಲ್ಲೇನ್ರಿ? ಖರೇದು ಹೇಳೂಣೇನು?" ಎಂದು ಕೇಳಿದ್ದಕ್ಕೆ ಬಾಯಾರು ಸಿಟ್ಟಿಗೆದ್ದು, "ಬಾಯಿ ತಗದಿ ಅಂದ್ರ ನಿನ್ನ ಪುಪ್ಪಸಕ್ಕ ಸೈಕಲ್ ಪಂಪ್ ಹಚ್ತೀನಿ," ಎಂದರು.

ನಿವೃತ್ತಿಯಾದ ಮೇಲೆ ಬಾಯಾರು ವಿಜಯಪುರದ ಮನೆಯಲ್ಲೇ ಇದ್ದಾರೆ. ಓಣಿಯ ಜನ ಅವರ ಎದುರು ಜೋರಾಗಿ ಉಸಿರಾಡಲೂ ಹೆದರುತ್ತಾರೆ. ಕಳೆದ ಸುಗ್ಗಿಯಲ್ಲಿ ಫೋನು ಮಾಡಿ, "ರಜಾ ಐತೇನು? ತಿಕೋಟಾಕ್ಕ ಹೋಗೂಣು, ಮಣೂಕ ತಗೋಬೇಕು," ಎಂದರು. ಬಸ್ಸಿನಲ್ಲಿ ಕಿಟಕಿಯ ಪಕ್ಕ ಕುಳಿತು ಪುಠಾಣಿ ತಿನ್ನುತ್ತಿದ್ದವರನ್ನು ನಾನು ಬಹಳ ದಿನದಿಂದ ಕೇಳಬೇಕೆಂದಿದ್ದುದನ್ನು ಕೇಳಿದೆ. ಇಡೀ ಜಗತ್ತನ್ನೇ ಬೈಯುವ ಅವರು ಸಾರವಾಡದ ಆ ಅತ್ತೆಯನ್ನು ಯಾಕೆ ಬೈಯಲಿಲ್ಲ ಎಂದು.

ಬಾಯಾರು ಕುರಿ ಕಾಯುವವರ ಮನೆಯಲ್ಲಿ ಹುಟ್ಟಿದವರೆಂದು ನನಗೆ ಗೊತ್ತಿತ್ತು. ಉಳಿದದ್ದು ಗೊತ್ತಿರಲಿಲ್ಲ.

"ನಮ್ಮವ್ವಗೂ ಹಿಂಗs ತೇಕ್ ಇತ್ತು. ಗಾಳಿ ಬಡದೈತಿ ಅಂತ ಬೇವಿನ ತೊಪ್ಪಲದ್ಲೆ ಹೊಡದ್ರು. ಯಾರು ನೀ, ಹೆಸರ ಹೇಳು, ಹೆಸರ ಹೇಳು ಅಂತ ಕೇಳತಿದ್ರು. ಉತ್ತರಾ ಕೊಡಾಕ ಆಕೀಗೆ ಉಸಿರs ಇರಲಿಲ್ಲ. ದೆವ್ವ ಭಾಳ ಹಟಮಾರಿ ಐತಿ ಅಂದ್ರು." ಕೈಯಲ್ಲಿದ್ದ ಪುಠಾಣಿಯನ್ನು ಪೊಟ್ಟಣಕ್ಕೆ ತಿರುಗಿ ಹಾಕಿದರು. "ಹೊಡದಾಂವ ನಮ್ಮ ಅಪ್ಪ. ಆಕೀನ ಉಳಿಸ್ಕೋಬೇಕಂತ ಹೊಡದಾನ. ಯಾರಿಗಂತ ಬೈಲಿ?"

ಬಸ್ಸು ತಿಕೋಟಾ ತಲುಪಿತು.

ಸಾವಕಾರರು ಊರಲ್ಲಿರಲಿಲ್ಲ. ಶೆಡ್ಡಿಗೆ ಹೊಸ ಮ್ಯಾನೇಜರ್ ಬಂದಿದ್ದ. ಅವನಿಗೆ ಬಾಯಾರ ಗುರುತಿಲ್ಲ. ಗಿರಾಕಿ ಎಂದುಕೊಂಡು ಉತ್ಸಾಹದಿಂದ ಎಲ್ಲ ತೋರಿಸಿದ. ಎತ್ತರದ ಕೊಳವೆಯ ಕಡೆ ಕೈಮಾಡಿ, "ಇದು ನಮ್ಮ ಸಾವಕಾರ್ರ ತಲಿ ರೀ. ಇದರಿಂದನ ಬಣ್ಣ," ಎಂದ. ಬಾಯಾರು ಶಾಲೆಯ ಹುಡುಗಿಯಂತೆ ತಲೆಯಾಡಿಸಿ, ಎರಡು ಮೂರು ಪ್ರಶ್ನೆಗಳನ್ನೂ ಕೇಳಿದರು.

ನೆರಳಿನಲ್ಲಿ ಹೆಂಗಸರು ಸಾಲಾಗಿ ಕುಳಿತು ಮಣೂಕದ ಕಡ್ಡಿ ಆರಿಸುತ್ತಿದ್ದರು. ಯಾವುದೋ ಮಾತಿಗೆ ಎಲ್ಲರೂ ಒಮ್ಮೆಲೇ ನಕ್ಕರು. ಬಾಯಾರು ಅವರ ನಡುವೆ ಕುಕ್ಕರುಗಾಲಲ್ಲಿ ಕುಳಿತು, ಕೈಗೆ ಸಿಕ್ಕ ಕಡ್ಡಿ ಆರಿಸುತ್ತ, ಪಕ್ಕದವಳನ್ನು ಕೇಳಿದರು.

"ಉಸಿರಾಟ ಹೆಂಗೈತಬೇ ತಂಗೀ?"

ಅವಳು ಕೈ ನಿಲ್ಲಿಸಿ, ಈ ಮುದುಕಿಗೆ ತಲೆ ಸರಿಯಿದೆಯೋ ಇಲ್ಲವೋ ಎಂಬಂತೆ ನೋಡಿದಳು.

"ಇದೇನ ಕೇಳ್ತೀರಬೇ ಯವ್ವಾ? ಉಸಿರಾಟ ಹೆಂಗಿರತೈತಿ? ಅದರ ಪಾಡಿಗೆ ಅದು ಬರ್ತೈತಿ, ಹೋಗ್ತೈತಿ. ಅದನ್ನ ಯಾರ ನೆಪ್ಪಿಟ್ಟ ನೋಡ್ತಾರ್ರಿ?"

ಬಾಯಾರು ಕೈಲಿದ್ದ ಕಡ್ಡಿ ಚೆಲ್ಲಿ ಎದ್ದರು. ಮಣೂಕ ಕಟ್ಟಿಸಿಕೊಂಡು, ನಾವು ಬಸ್ ಸ್ಟ್ಯಾಂಡಿಗೆ ನಡೆದೆವು. ಬಸ್ಸು ತಡವಾಗಿ ಬಂತು, ಕಂಡಕ್ಟರ್ ಚಿಲ್ಲರೆಗಾಗಿ ಜಗಳ ತೆಗೆದ, ಹಿಂದಿನ ಸೀಟಿನವನೊಬ್ಬ ಕಿಟಕಿಯಿಂದ ಬೀಡಿ ಹೊಗೆ ಬಿಡುತ್ತಿದ್ದ. ವಿಜಯಪುರ ಮುಟ್ಟುವವರೆಗೂ ಬಾಯಾರು ಯಾರಿಗೂ ಒಂದು ಮಾತು ಬೈಯಲಿಲ್ಲ.